ಜಾಗ ಬಿಟ್ಟು ನಿಲ್ಲುವ ಜನ, ಬೀಗ ಹಾಕದ ಕಾಡು: ಫಿನ್‌ಲ್ಯಾಂಡ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ಕಡೆಯವಳು. 11 ವರ್ಷದಿಂದ ಫಿನ್‌ಲ್ಯಾಂಡಿನ ಟಾಂಪೆರೆಯಲ್ಲಿದ್ದೇನೆ. ಊರಿಗೆ ಹೋದಾಗ ಜಗಲಿ ಮೇಲೆ, ಫೋನಿನಲ್ಲಿ, ಇಲ್ಲಿಗೆ ಓದಲು ಬರುವ ಹುಡುಗರ ಪತ್ರಗಳಲ್ಲಿ ಅವವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟು ಉತ್ತರ ಬರೆದಿದ್ದೇನೆ. ಹೆಚ್ಚಿನದು ಫಿನ್‌ಲ್ಯಾಂಡಿನ ವಿಷಯ. ಸ್ವೀಡನ್, ನಾರ್ವೆಯಲ್ಲಿ ಬೇರೆ ಇದ್ದರೆ ಅಲ್ಲಲ್ಲೇ ಹೇಳಿದ್ದೇನೆ.

## ಮೊದಮೊದಲು ಕೇಳುವವು

ಅಲ್ಲಿ ಜನಾನೇ ಇಲ್ವಂತೆ, ಹೌದಾ?

ಇದ್ದಾರೆ, ದೂರ ದೂರ ಇದ್ದಾರೆ. ಇಡೀ ಫಿನ್‌ಲ್ಯಾಂಡಿನ ಜನಸಂಖ್ಯೆ ಸುಮಾರು 56 ಲಕ್ಷ. ಬೆಂಗಳೂರಿನಲ್ಲೇ ಇದಕ್ಕಿಂತ ಜಾಸ್ತಿ ಜನ ಇದ್ದಾರೆ. ಆದರೆ ದೇಶದ ವಿಸ್ತೀರ್ಣ ಸುಮಾರು 3,38,000 ಚದರ ಕಿಲೋಮೀಟರ್, ಕರ್ನಾಟಕ 1,91,791. ನೀರು ಬಿಟ್ಟು ನೆಲ ಮಾತ್ರ ಲೆಕ್ಕ ಹಾಕಿದರೆ ಇಲ್ಲಿ ಚದರ ಕಿಲೋಮೀಟರಿಗೆ 18 ಜನ. 2011ರ ಜನಗಣತಿಯಲ್ಲಿ ಕರ್ನಾಟಕದ್ದು 319. ನಮ್ಮಲ್ಲೇ ಅತಿ ಕಡಿಮೆ ದಟ್ಟಣೆಯ ಕೊಡಗಿನದ್ದು 135.

ಉತ್ತರಕ್ಕೆ ಹೋದ ಹಾಗೆ ಇದು ಇನ್ನೂ ಇಳಿಯುತ್ತದೆ. ಇನಾರಿ ಅಂತ ಒಂದು ಆಡಳಿತ ಪ್ರದೇಶ ಇದೆ. ಅದರ ನೆಲ ಸುಮಾರು 15,000 ಚದರ ಕಿಲೋಮೀಟರ್. ನಮ್ಮ ಶಿವಮೊಗ್ಗ ಜಿಲ್ಲೆ 8,478. ಅಂದರೆ ಹತ್ತಿರ ಹತ್ತಿರ ಎರಡು ಶಿವಮೊಗ್ಗದಷ್ಟು ಜಾಗ, ಜನ ಮಾತ್ರ 7,000. ಶಿವಮೊಗ್ಗದಲ್ಲಿ 17 ಲಕ್ಷಕ್ಕೂ ಹೆಚ್ಚು ಇದ್ದಾರೆ. ನನ್ನ ತಮ್ಮನಿಗೆ ಈ ಲೆಕ್ಕ ಹೇಳಿದಾಗ ಅವನು ಕೇಳಿದ್ದು ಒಂದೇ: "ಅಲ್ಲಿ ಮದುವೆಗೆ ಯಾರನ್ನು ಕರೀತಾರೆ?"

ಇಷ್ಟೊಂದು ಜಾಗ ಇಟ್ಕೊಂಡು ಮತ್ಯಾಕೆ ಸಣ್ಣ ಸಣ್ಣ ಫ್ಲಾಟಿನಲ್ಲಿ ಇರ್ತೀರಿ?

ಕೆಲಸ, ಶಾಲೆ, ಆಸ್ಪತ್ರೆ ಎಲ್ಲ ಪಟ್ಟಣದಲ್ಲಿವೆ, ಅದಕ್ಕೆ. ದೇಶದ ಸುಮಾರು ಮೂರನೇ ಒಂದು ಭಾಗ ಜನ ಹೆಲ್ಸಿಂಕಿ ಮತ್ತು ಅದರ ಸುತ್ತಲಿನ ಪ್ರಾಂತ್ಯದಲ್ಲೇ ಇದ್ದಾರೆ. ಮನೆ ಬಿಸಿ ಇಡುವುದಕ್ಕೆ ತುಂಬಾ ಖರ್ಚು, ಹಾಗಾಗಿ ದೊಡ್ಡ ಮನೆ ಎಲ್ಲರ ಕೈಗೆಟಕುವುದಿಲ್ಲ.

ಆದರೆ ಫ್ಲಾಟಿನ ಜೊತೆ ಇನ್ನೊಂದನ್ನೂ ನೋಡಬೇಕು. ಕೆರೆ ಪಕ್ಕದ ಚಿಕ್ಕ ಮರದ ಮನೆಗೆ ಇಲ್ಲಿ ಮೊಕ್ಕಿ ಅನ್ನುತ್ತಾರೆ. ದೇಶದಲ್ಲಿ ಇಂಥವು ಸುಮಾರು 5 ಲಕ್ಷ ಇವೆ. ಕೆಲವಕ್ಕೆ ಇಂದಿಗೂ ಕರೆಂಟು ಇಲ್ಲ, ನಲ್ಲಿ ಇಲ್ಲ. ಕೊಡದಲ್ಲಿ ನೀರು ಹೊತ್ತು, ಸೌದೆ ಸೀಳಿ ಬದುಕುವುದಕ್ಕೇ ಜನ ಬೇಸಿಗೆ ರಜೆಯನ್ನು ಕಾಯುತ್ತಾರೆ.

ಚಳಿ ದೇಶದವರು ಹುಟ್ಟಾ ದೂರ ನಿಲ್ಲೋರು ಅಂತಾರಲ್ಲ, ನಿಜವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ವಿಷಯ ಅಷ್ಟು ಸರಳ ಇಲ್ಲ. ಇಬ್ಬರ ನಡುವಿನ ಅಂತರವನ್ನು ಅಳೆದು ಅಧ್ಯಯನ ಮಾಡುವುದನ್ನು ಶುರು ಮಾಡಿದವರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ಮುಖ್ಯರು. 1960ರ ದಶಕದಲ್ಲಿ ಅವರು ಅಂದಾಜು ಹಾಕಿದ್ದು ಹೀಗೆ: ತೀರಾ ಆಪ್ತರಿಗೆ 45 ಸೆಂಟಿಮೀಟರ್ ಒಳಗೆ, ಸ್ನೇಹಿತರಿಗೆ 1.2 ಮೀಟರ್ ತನಕ, ಅಷ್ಟೇನೂ ಗುರುತಿಲ್ಲದವರಿಗೆ ಅದರಾಚೆ. ಅವರು ನೋಡಿದ್ದು ಅಮೆರಿಕದವರನ್ನು.

2017ರಲ್ಲಿ 42 ದೇಶಗಳ ಸುಮಾರು 9,000 ಜನರನ್ನು ಕೇಳಿ ಮಾಡಿದ ಅಧ್ಯಯನ ಬಂತು. ಅಪರಿಚಿತರಿಂದ ಅತಿ ದೂರ ನಿಲ್ಲಲು ಇಷ್ಟಪಟ್ಟವರು ರೊಮೇನಿಯಾದವರು, ಅತಿ ಹತ್ತಿರ ನಿಂತವರು ಅರ್ಜೆಂಟೀನಾದವರು. ದೂರ ನಿಲ್ಲುವವರ ಸಾಲಿನಲ್ಲಿ ಸುಡು ಬಿಸಿಲಿನ ಸೌದಿ ಅರೇಬಿಯಾವೂ ಇತ್ತು. ಹಾಗಾಗಿ ಚಳಿಗೂ ಇದಕ್ಕೂ ನೇರ ಗಂಟು ಹಾಕಲು ಆಗುವುದಿಲ್ಲ. ಇದು ಕಲಿತ ನಡವಳಿಕೆ. ನನ್ನ ಮಗಳು ಇಲ್ಲೇ ಹುಟ್ಟಿದವಳು, ಅಜ್ಜಿ ತೊಡೆ ಬಿಟ್ಟು ಏಳುವುದಿಲ್ಲ, ಆದರೆ ಬಸ್ ಸ್ಟಾಪಿನಲ್ಲಿ ಅಪ್ಪಟ ಫಿನ್ನಿಶ್ ಹುಡುಗಿ.

## ಜನರ ನಡುವೆ

ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲ್ಲ. ನನ್ನ ಬಣ್ಣ ನೋಡಿಯಾ?

ಈ ಪ್ರಶ್ನೆ ಕೇಳುವಾಗ ಎಷ್ಟು ನೋವಾಗಿರುತ್ತದೆ ಅಂತ ನನಗೆ ಗೊತ್ತು. ಮೊದಲ ವರ್ಷ ನಾನೂ ಕೇಳಿಕೊಂಡಿದ್ದೇನೆ.

ನಾಳೆ ಬಸ್ ಹತ್ತಿದಾಗ ಉಳಿದವರನ್ನು ನೋಡಿ. ಪ್ರತಿ ಜೋಡಿ ಸೀಟಿನಲ್ಲಿ ಕಿಟಕಿ ಪಕ್ಕ ಒಬ್ಬರು, ಇನ್ನೊಂದು ಸೀಟು ಖಾಲಿ ಅಥವಾ ಅದರ ಮೇಲೆ ಚೀಲ. ಹಾಗೆ ಕೂತವರೆಲ್ಲ ಇಲ್ಲಿಯವರೇ. ಪೂರ್ತಿ ಖಾಲಿ ಇರುವ ಜೋಡಿ ಸೀಟು ಮುಗಿದ ಮೇಲೆ ಮಾತ್ರ ಯಾರದಾದರೂ ಪಕ್ಕ ಕೂರುತ್ತಾರೆ. ಖಾಲಿ ಬಸ್ಸಿನಲ್ಲಿ ಬಂದು ಪಕ್ಕದಲ್ಲೇ ಕೂತರೆ ಎದುರಿನವರಿಗೆ ಕಸಿವಿಸಿ. ಬಸ್ ಸ್ಟಾಪಿನಲ್ಲೂ ಅಷ್ಟೇ. ಮೈನಸ್ 18ರ ಚಳಿ, ಹಿಮ ಬೀಳುತ್ತಿದೆ, ತಂಗುದಾಣದಲ್ಲಿ ನಾಲ್ಕು ಜನರಿಗೆ ಜಾಗ ಇದೆ. ಆದರೂ ಒಳಗೆ ಒಬ್ಬರು, ಹೊರಗೆ ಮೂರು ಮಂದಿ, ತಲೆ ಮೇಲೆ ಹಿಮ. ಒಳಗಿದ್ದವರನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದು ಅಂತ ಮೂವರೂ ಹೊರಗೆ ನಿಂತಿರುತ್ತಾರೆ.

ಆದರೆ ಬಣ್ಣದ ಭೇದವೇ ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಐರೋಪ್ಯ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ 12 ದೇಶಗಳಲ್ಲಿ ಆಫ್ರಿಕಾ ಮೂಲದವರನ್ನು ಕೇಳಿ 2018ರಲ್ಲಿ ವರದಿ ಕೊಟ್ಟಿತು. ಜನಾಂಗೀಯ ಕಿರುಕುಳ ಅನುಭವಿಸಿದ್ದೇವೆ ಅಂದವರು ಅತಿ ಹೆಚ್ಚು ಇದ್ದದ್ದು ಫಿನ್‌ಲ್ಯಾಂಡಿನಲ್ಲಿ, 63%. ಇದು ಸಣ್ಣ ಮಾತಲ್ಲ. ನನ್ನ ಅನುಭವದಲ್ಲಿ ವ್ಯತ್ಯಾಸ ಹೀಗೆ ತಿಳಿಯುತ್ತದೆ: ಸುಮ್ಮನೆ ದೂರ ಕೂತವರು ನಿಮ್ಮನ್ನು ನೋಡುವುದೇ ಇಲ್ಲ. ಕೆಟ್ಟ ಮನಸ್ಸಿನವರು ನೋಡುತ್ತಾರೆ, ಏನೋ ಅನ್ನುತ್ತಾರೆ. ಹಾಗಾದಾಗ ಸಹಿಸಿಕೊಂಡು ಸುಮ್ಮನಿರಬೇಡಿ, ಚಾಲಕರಿಗೆ ಹೇಳಿ, ಪೊಲೀಸರಿಗೂ ದೂರು ಕೊಡಬಹುದು.

ನನ್ನ ಮಗ ಓಲುವಿನಲ್ಲಿ ಓದ್ತಿದ್ದಾನೆ. ಪಕ್ಕದ ಮನೆಯವರು ಮಾತೇ ಆಡಿಸಲ್ಲ ಅಂತಾನೆ. ಏನಾದ್ರೂ ತಪ್ಪು ಮಾಡಿದ್ದಾನಾ?

ಇಲ್ಲಮ್ಮ, ಏನೂ ತಪ್ಪು ಮಾಡಿಲ್ಲ. ಮೆಟ್ಟಿಲಲ್ಲಿ ಎದುರಾದಾಗ "ಮೊಯ್" ಅಂದರೆ ಸಾಕು. ಅದು ಇಲ್ಲಿನ ನಮಸ್ಕಾರ. ಅವರೂ "ಮೊಯ್" ಅಂದರೆ ಸಂಬಂಧ ಚೆನ್ನಾಗಿದೆ ಅಂತಲೇ ಅರ್ಥ. "ಊಟ ಆಯ್ತಾ, ಎಲ್ಲಿಗೆ ಹೊರಟ್ರಿ" ಅಂತ ಕೇಳುವ ರೂಢಿ ಇಲ್ಲ. ನಮ್ಮಲ್ಲಿ ಅದು ಪ್ರೀತಿಯ ಮಾತು, ಇಲ್ಲಿ ವಿಚಾರಣೆ ಮಾಡಿದ ಹಾಗೆ ಆಗುತ್ತದೆ. ಮೆಟ್ಟಿಲಲ್ಲಿ ಯಾರದೋ ಹೆಜ್ಜೆ ಕೇಳಿದರೆ ಅವರು ಹೋಗುವ ತನಕ ಬಾಗಿಲ ಒಳಗೇ ಕಾಯುವವರೂ ಇದ್ದಾರೆ.

ಮಾತು ಶುರುವಾಗಬೇಕಾದರೆ ಕೈಗೊಂದು ಕೆಲಸ ಬೇಕು. ವಸಂತದಲ್ಲಿ ಹೆಚ್ಚಿನ ಕಟ್ಟಡಗಳಲ್ಲಿ ತಾಲ್ಕೋತ್ ಇಡುತ್ತಾರೆ. ಎಲ್ಲರೂ ಸೇರಿ ಅಂಗಳ ಗುಡಿಸುವುದು, ಎಲೆ ಬಾಚುವುದು, ಆಮೇಲೆ ಕಾಫಿ. ನಮ್ಮ ಮಲೆನಾಡಿನ ಮುಯ್ಯಾಳಿನ ಹತ್ತಿರದ ಸಂಬಂಧಿ ಇದು, ಆದರೆ ಲೆಕ್ಕ ಇಡುವುದಿಲ್ಲ. ನಾಲ್ಕು ವರ್ಷ ಬರೀ ಮೊಯ್ ಅಂದಿದ್ದ ನಮ್ಮ ಎದುರು ಮನೆಯ ಅಜ್ಜಿ ಕೈಯಲ್ಲಿ ಕುಂಟೆ ಹಿಡಿದ ದಿನ ಒಂದೂವರೆ ಗಂಟೆ ಮಾತಾಡಿದರು. ಗಂಡ ತೀರಿಕೊಂಡದ್ದು, ಸೊಂಟ ನೋವು, ಎಲ್ಲ. ಮಗನಿಗೆ ತಾಲ್ಕೋತ್ ತಪ್ಪಿಸಬೇಡ ಅಂತ ಹೇಳಿ.

ಮಾತಿನ ಮಧ್ಯೆ ಸುಮ್ನೆ ಆಗಿಬಿಡ್ತಾರೆ. ನಾನು ಏನಾದ್ರೂ ಮಾತಾಡಿ ತುಂಬಿಸಬೇಕಾ?

ಬೇಡ. ಯೋಚನೆ ಮಾಡುತ್ತಿದ್ದಾರೆ. ಮನಸ್ಸಿನಲ್ಲಿ ಐದು ಎಣಿಸಿ. ಆಫೀಸ್ ಮೀಟಿಂಗಿನಲ್ಲಿ ನಾನು ಮೊದಲೆಲ್ಲ ಆ ಮೌನ ತಡೆಯಲಾರದೆ ಮಾತು ತುರುಕುತ್ತಿದ್ದೆ. ಅವರು ಹೇಳಬೇಕೆಂದಿದ್ದದ್ದು ಅಲ್ಲೇ ನಿಂತುಹೋಗುತ್ತಿತ್ತು. ಎಣಿಸಲು ಕಲಿತ ಮೇಲೆ ಒಳ್ಳೊಳ್ಳೆ ಮಾತು ಕೇಳಿದೆ.

ಮೈ ಮುಟ್ಟಿಸಿಕೊಳ್ಳದ ಜನ ಸೌನಾದಲ್ಲಿ ಬಟ್ಟೆ ಇಲ್ಲದೆ ಒಟ್ಟಿಗೆ ಕೂರ್ತಾರಂತೆ. ಇದು ಹ್ಯಾಗೆ?

ಸೌನಾ ಅಂದರೆ ಬಿಸಿ ಹಬೆಯ ಮರದ ಕೋಣೆ. 56 ಲಕ್ಷ ಜನರಿರುವ ದೇಶದಲ್ಲಿ ಸುಮಾರು 30 ಲಕ್ಷ ಸೌನಾಗಳಿವೆ. 2020ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿಂದೆ ಹೆರಿಗೆ ಅಲ್ಲೇ ಆಗುತ್ತಿತ್ತು, ಹೆಣ ತೊಳೆಯುವುದೂ ಅಲ್ಲೇ. ಹಾಗಾಗಿ ಅಲ್ಲಿ ಕೂರುವುದಕ್ಕೆ ಒಂದು ಮಡಿ ಇದೆ. ಮನೆಯವರು ಒಟ್ಟಿಗೆ ಕೂರುತ್ತಾರೆ. ಹೊರಗಿನವರಾದರೆ ಸಾಮಾನ್ಯವಾಗಿ ಗಂಡಸರು ಬೇರೆ, ಹೆಂಗಸರು ಬೇರೆ. ಸಾರ್ವಜನಿಕ ಸೌನಾದಲ್ಲಿ ಒಟ್ಟಿಗೆ ಕೂರುವ ಕಡೆ ಈಜುಡುಗೆ ಹಾಕುತ್ತಾರೆ.

ಸಂಕೋಚ ಆದರೆ ಟವೆಲ್ ಸುತ್ತಿಕೊಂಡು ಕೂರಿ, ಯಾರೂ ಏನೂ ಅನ್ನುವುದಿಲ್ಲ. ಬರಲ್ಲ ಅಂದರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಹಾಕಿದಾಗ ಚೊಯ್ ಅಂತ ಏಳುವ ಹಬೆಗೆ ಲೋಯ್ಲು ಅನ್ನುತ್ತಾರೆ. ಆ ಹಬೆ ಮುಖಕ್ಕೆ ತಾಗಿದಾಗ ನನಗೆ ನೆನಪಾಗುವುದು ನಮ್ಮ ಮನೆಯ ಬಚ್ಚಲೊಲೆ. ಅಜ್ಜಿ ಎಣ್ಣೆ ತಿಕ್ಕಿ ನೀರು ಹೊಯ್ಯುತ್ತಿದ್ದಳಲ್ಲ, ಆಗ ನಮಗೆಲ್ಲಿ ನಾಚಿಕೆ ಇತ್ತು?

ಹೇಳದೆ ಕೇಳದೆ ಯಾರದ್ದಾದ್ರೂ ಮನೆಗೆ ಹೋಗಬಹುದಾ?

ಬೇಡ. ಫೋನ್ ಮಾಡಿ ಹೋಗಿ. ಹೋದ ಮೇಲೆ ಚಪ್ಪಲಿ ಬಾಗಿಲಲ್ಲೇ ಬಿಡುವುದು ಮಾತ್ರ ನಮ್ಮ ಹಾಗೇ.

## ಕಾಡಿಗೆ ಕಾಲಿಟ್ಟಾಗ

ಯಾರದೋ ಕಾಡಿಗೆ ನುಗ್ಗಿ ಹಣ್ಣು ಕಿತ್ಕೊಂಡು ಬಂದ್ರೂ ಏನೂ ಅನ್ನಲ್ವಾ?

ಅನ್ನುವುದಿಲ್ಲ. ಅದು ಕಳವು ಅಲ್ಲ, ಹಕ್ಕು. ಫಿನ್ನಿಶ್‌ನಲ್ಲಿ ಯೊಕಮಿಹೆನ್ ಓಯ್ಕೆಯುಸ್ ಅನ್ನುತ್ತಾರೆ, "ಎಲ್ಲರ ಹಕ್ಕು" ಅಂತ. ಇಲ್ಲಿನ ಕಾಡಿನಲ್ಲಿ ಸುಮಾರು 60% ಖಾಸಗಿ ಕುಟುಂಬಗಳದ್ದು. ಆದರೂ ಯಾರು ಬೇಕಾದರೂ ಕೇಳದೆ, ದುಡ್ಡು ಕೊಡದೆ ನಡೆಯಬಹುದು, ಸ್ಕೀ ಮಾಡಬಹುದು, ಸೈಕಲ್ ಹೊಡೆಯಬಹುದು, ಕೆರೆಯಲ್ಲಿ ಈಜಬಹುದು, ಕಾಡುಹಣ್ಣು, ಅಣಬೆ ಕೀಳಬಹುದು. ನೀವು ಈ ದೇಶದ ಪ್ರಜೆ ಆಗಿರಬೇಕು ಅಂತಲೂ ಇಲ್ಲ. ಟೂರಿಸ್ಟಾಗಿ ಬಂದವರಿಗೂ ಇದೇ ಹಕ್ಕು. ಕಿತ್ತ ಹಣ್ಣು ಮಾರಿದರೆ ಆ ದುಡ್ಡಿಗೆ ತೆರಿಗೆ ಇಲ್ಲ.

ಇದಕ್ಕೆಂದೇ ಒಂದು ಪ್ರತ್ಯೇಕ ಕಾನೂನು ಫಿನ್‌ಲ್ಯಾಂಡಿನಲ್ಲಿ ಇಲ್ಲ. ಹಳೆಯ ರೂಢಿ, ಮತ್ತು ಬೇರೆ ಬೇರೆ ಕಾನೂನುಗಳಲ್ಲಿ ಚದುರಿದ ಸಾಲುಗಳು ಸೇರಿ ಆದದ್ದು.

ಜುಲೈ ಕೊನೆಗೆ ಮುಸ್ತಿಕ್ಕ ಬರುತ್ತದೆ, ಕಡು ನೀಲಿ. ಕಿತ್ತ ಬೆರಳು, ತಿಂದ ನಾಲಿಗೆ ಎರಡೂ ನೇರಳೆ ಹಣ್ಣು ತಿಂದ ಹಾಗೆ. ಸೆಪ್ಟೆಂಬರಿಗೆ ಕೆಂಪು, ಹುಳಿ ಪುವೊಲುಕ್ಕ. ಉತ್ತರದ ಜೌಗಿನಲ್ಲಿ ಚಿನ್ನದ ಬಣ್ಣದ ಹಿಲ್ಲ. ಹಿಲ್ಲ ಎಲ್ಲಿ ಸಿಗುತ್ತದೆ ಅಂತ ಮಾತ್ರ ಯಾರನ್ನೂ ಕೇಳಬೇಡಿ, ನೆಂಟರಿಗೂ ಹೇಳುವುದಿಲ್ಲ. ಅಣಬೆ ಗುರುತು ಗೊತ್ತಿಲ್ಲದಿದ್ದರೆ ಮುಟ್ಟಬೇಡಿ. ಊರಿನ ಅಣಬೆ ಜ್ಞಾನ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹಾಗಾದ್ರೆ ಎಲ್ಲಿ ಬೇಕಾದ್ರೂ ಟೆಂಟ್ ಹಾಕಿ ಒಲೆ ಹೊತ್ತಿಸಬಹುದಾ?

ಟೆಂಟ್ ಹೌದು, ಬೆಂಕಿ ಇಲ್ಲ. ಒಂದೆರಡು ರಾತ್ರಿ ತಂಗಬಹುದು, ಮನೆಗಳಿಂದ ಸಾಕಷ್ಟು ದೂರ. ನೆಲದ ಮೇಲೆ ಬೆಂಕಿ ಹಾಕಲು ಜಾಗದ ಮಾಲೀಕರ ಒಪ್ಪಿಗೆ ಬೇಕು. ಕಾಡ್ಗಿಚ್ಚಿನ ಎಚ್ಚರಿಕೆ ಇದ್ದರೆ ಒಪ್ಪಿಗೆ ಇದ್ದರೂ ಹಾಕುವಂತಿಲ್ಲ. ಚಿಕ್ಕ ಗ್ಯಾಸ್ ಸ್ಟೌ ಒಯ್ಯಿರಿ.

ಯಾರದೇ ಮನೆ ಅಂಗಳ ದಾಟಬಾರದು. ಬೆಳೆ ಇರುವ ಹೊಲಕ್ಕೆ ಕಾಲಿಡಬಾರದು, ಚಳಿಗಾಲದಲ್ಲಿ ಹಿಮ ಮುಚ್ಚಿದ ಹೊಲ ಆದರೆ ದಾಟಬಹುದು. ಮರ ಕಡಿಯಬಾರದು, ಪಾಚಿ ಕೀಳಬಾರದು, ಹಕ್ಕಿ ಗೂಡು, ಹಿಮಸಾರಂಗದ ಹತ್ತಿರ ಹೋಗಿ ಕಾಟ ಕೊಡಬಾರದು, ಕಾರು ಬೈಕು ನುಗ್ಗಿಸಬಾರದು. ರಾಷ್ಟ್ರೀಯ ಉದ್ಯಾನಗಳಲ್ಲಿ ನಿಯಮ ಇನ್ನೂ ಬಿಗಿ, ಟೆಂಟಿಗೆ ಗುರುತು ಮಾಡಿದ ಜಾಗ ಇರುತ್ತದೆ. ಕಸದ ಬಗ್ಗೆ ನಾನು ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ, ಆದರೆ ಹೇಳುತ್ತೇನೆ: ಕಿತ್ತಳೆ ಸಿಪ್ಪೆಯನ್ನೂ ವಾಪಸ್ ತನ್ನಿ. ಈ ಚಳಿಯಲ್ಲಿ ಅದು ಬೇಗ ಕೊಳೆಯುವುದಿಲ್ಲ.

ಸ್ವೀಡನ್, ನಾರ್ವೆಯಲ್ಲೂ ಇದೇನಾ? ಡೆನ್ಮಾರ್ಕ್?

ಸ್ವೀಡನ್ 1994ರಲ್ಲಿ ಈ ಹಕ್ಕನ್ನು ಸಂವಿಧಾನದಲ್ಲೇ ಸೇರಿಸಿತು. ಅಲ್ಲಿ ಮಕ್ಕಳಿಗೂ ಬಾಯಿಪಾಠ ಇರುವ ಮಾತು "ಕಾಟ ಕೊಡಬೇಡ, ಕೆಡಿಸಬೇಡ". ನಾರ್ವೆಯಲ್ಲಿ 1957ರ ಕಾನೂನು ಇದೆ, ಅದು ಅಳತೆ ಸಮೇತ ಹೇಳುತ್ತದೆ: ಜನ ಇರುವ ಮನೆಯಿಂದ 150 ಮೀಟರ್ ದೂರ ಟೆಂಟ್ ಹಾಕಿ, ಒಂದೇ ಜಾಗದಲ್ಲಿ ಎರಡು ರಾತ್ರಿ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರ ತನಕ ಕಾಡಿನ ಹತ್ತಿರ ಬೆಂಕಿ ನಿಷೇಧ. ಡೆನ್ಮಾರ್ಕ್ ಬೇರೆ ಕಥೆ. ಅದು ಜನ ತುಂಬಿದ, ಹೊಲ ತುಂಬಿದ ದೇಶ. ಖಾಸಗಿ ಕಾಡಿನಲ್ಲಿ ದಾರಿ ಬಿಟ್ಟು ಇಳಿಯುವಂತಿಲ್ಲ, ಅದೂ ಬೆಳಗ್ಗೆ 7ರಿಂದ ಸೂರ್ಯ ಮುಳುಗುವ ತನಕ ಮಾತ್ರ.

ಯಾವ ತಿಂಗಳು ಬಂದ್ರೆ ಒಳ್ಳೇದು?

ಮೊದಲ ಸಲಕ್ಕೆ ಸೆಪ್ಟೆಂಬರ್. ದೇಶದ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡಿನಲ್ಲಿ ಆಗ ರುಸ್ಕ, ಅಂದರೆ ಎಲೆ ಬಣ್ಣ ತಿರುಗುವ ಕಾಲ. ನೆಲದ ಗಿಡಗಂಟಿ ಕೂಡ ಕುಂಕುಮ ಚೆಲ್ಲಿದ ಹಾಗೆ ಕೆಂಪಾಗುತ್ತದೆ, ರಾತ್ರಿ ಕತ್ತಲೆ ಇರುವುದರಿಂದ ಆಕಾಶದಲ್ಲಿ ಬಣ್ಣಬಣ್ಣವಾಗಿ ಆಡುವ ಉತ್ತರದ ಬೆಳಕು (ಅರೋರಾ) ಕಾಣುವ ಸಾಧ್ಯತೆಯೂ ಇದೆ. ಜೂನ್ ಕೊನೆಯಿಂದ ಜುಲೈ ತುಂಬಾ ಅಲ್ಲಿ ಸೊಳ್ಳೆಯ ಕಾಲ. ಮಳೆಗಾಲದ ಮಲೆನಾಡು ಕಂಡ ನಾನೇ ಬೆಚ್ಚಿಬಿದ್ದೆ. ಹಿಮ ಬೇಕಾದರೆ ಮಾರ್ಚ್: ಹಿಮವೂ ಇದೆ, ಬೆಳಕೂ ಇದೆ. ತುದಿ ಉತ್ತರದ ಉತ್ಸ್ಯೋಕಿಯಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದ ತನಕ ಸುಮಾರು ಏಳು ವಾರ ಸೂರ್ಯನೇ ಹುಟ್ಟುವುದಿಲ್ಲ.

ಹುಲಿ ಚಿರತೆ ಇಲ್ಲ, ಹೆದರೋದು ಯಾವುದಕ್ಕೆ?

ಕರಡಿ ಇದೆ, ಆದರೆ ನಾನು ಈ ತನಕ ಒಂದನ್ನೂ ನೋಡಿಲ್ಲ. ಮನುಷ್ಯರ ಸದ್ದು ಕೇಳಿದರೆ ಅದೇ ಸರಿದುಹೋಗುತ್ತದೆ. ಮುಸ್ಸಂಜೆ ಕಾರಿನಲ್ಲಿ ಹೋಗುವಾಗ ದೊಡ್ಡ ಕಡವೆಯಂಥ ಮೂಸ್ ರಸ್ತೆಗೆ ಬರುವುದು ಅದಕ್ಕಿಂತ ದೊಡ್ಡ ಅಪಾಯ.

ಸಣ್ಣ ಪ್ರಾಣಿಗೆ ಜಾಸ್ತಿ ಹೆದರಿ, ಉಣುಗಿಗೆ. ದಕ್ಷಿಣದ ಕರಾವಳಿ, ದ್ವೀಪಗಳ ಕಡೆ ಉಣುಗು ಕಚ್ಚಿ ಮಿದುಳು ಜ್ವರ ಬರುವುದುಂಟು. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ನಮ್ಮ ಮಂಗನ ಕಾಯಿಲೆಯ ವೈರಸ್ಸೂ ಇದೂ ಒಂದೇ ಕುಟುಂಬದವು. ಸಂಜೆ ಬಂದ ಕೂಡಲೇ ಮಂಡಿ ಹಿಂದೆ, ಕಂಕುಳು ನೋಡಿಕೊಳ್ಳುವ ಮಲೆನಾಡಿನ ಅಭ್ಯಾಸ ಇಲ್ಲೂ ಬೇಕು. ಇಲ್ಲಿನ ಕಾಯಿಲೆಗೆ ಲಸಿಕೆ ಇದೆ, ಹಾಕಿಸಿಕೊಳ್ಳಿ.

ಇನ್ನೊಂದು, ಹೆಪ್ಪುಗಟ್ಟಿದ ಕೆರೆ. ಗಟ್ಟಿ ಮಂಜುಗಡ್ಡೆ 5 ಸೆಂಟಿಮೀಟರ್ ದಪ್ಪ ಇದ್ದರೆ ಒಬ್ಬರು ನಡೆಯಬಹುದು ಅಂತ ಲೆಕ್ಕ. ಆದರೆ ಹೊಳೆ ಸೇರುವ ಕಡೆ, ಸೇತುವೆ ಕೆಳಗೆ, ಜೊಂಡಿನ ಹತ್ತಿರ ತೆಳುವಾಗಿರುತ್ತದೆ, ವಸಂತದಲ್ಲಿ ದಪ್ಪ ಇದ್ದರೂ ಒಳಗೆ ಜೊಳ್ಳು. ಇಲ್ಲಿಯವರು ಕೊರಳಿಗೆ ನಾಸ್ಕಲಿ ಹಾಕಿಕೊಂಡು ಹೋಗುತ್ತಾರೆ. ಎರಡು ಹಿಡಿಕೆ, ತುದಿಯಲ್ಲಿ ಮೊಳೆ. ಬಿದ್ದರೆ ಅದನ್ನು ಚುಚ್ಚಿ ಮೇಲೆ ಬರಬೇಕು, ಬರಿಗೈ ಜಾರುತ್ತದೆ. ಹೊಸಬರಾಗಿ ಒಬ್ಬರೇ ಮಂಜುಗಡ್ಡೆ ಮೇಲೆ ಹೋಗಬೇಡಿ. ತುರ್ತಿಗೆ 112. ಅದರ ಆ್ಯಪ್‌ನಿಂದ ಕರೆ ಮಾಡಿದರೆ ನೀವಿರುವ ಜಾಗ ಅವರಿಗೆ ತಿಳಿಯುತ್ತದೆ.

ಅಪ್ಪ ಅಮ್ಮ ಬರ್ತಿದ್ದಾರೆ. ವಯಸ್ಸಾಗಿದೆ. ಅವರಿಗೂ ಕಾಡು ತೋರಿಸೋಕೆ ಆಗುತ್ತಾ?

ಖಂಡಿತ ಆಗುತ್ತದೆ. ಹೆಲ್ಸಿಂಕಿ ಹತ್ತಿರ ನೂಕ್ಸಿಯೊ ರಾಷ್ಟ್ರೀಯ ಉದ್ಯಾನ ಇದೆ, ಎಸ್ಪೊದಿಂದ ಸಿಟಿ ಬಸ್ಸಿನಲ್ಲೇ ಹೋಗಬಹುದು. ಇಂಥ ಕಡೆ ಜೌಗಿನ ಮೇಲೆ ಹಲಗೆ ದಾರಿ ಹಾಕಿರುತ್ತಾರೆ, ಗಾಲಿಕುರ್ಚಿ ಹೋಗುವ ದಾರಿಗಳೂ ಇವೆ. ಮೂರು ಕಡೆ ಮುಚ್ಚಿದ ಲಾವು ಅನ್ನುವ ತಂಗುದಾಣಗಳಿವೆ, ಬಹಳ ಕಡೆ ಪಕ್ಕದಲ್ಲೇ ಸೌದೆ ಇಟ್ಟಿರುತ್ತಾರೆ. ಟಾಂಪೆರೆಗೆ ಬಂದರೆ ಪ್ಯುನಿಕ್ಕಿ ದಿಬ್ಬಕ್ಕೆ ಕರೆದುಕೊಂಡು ಹೋಗಿ. ಹಿಮಯುಗ ಬಿಟ್ಟುಹೋದ ಜಲ್ಲಿಯ ಗುಡ್ಡ, ಎರಡೂ ಕಡೆ ಕೆರೆ, 1929ರಲ್ಲಿ ಕಟ್ಟಿದ ಗೋಪುರ, ಕೆಳಗೆ ಬಿಸಿ ಡೋನಟ್. ನನ್ನ ಅಪ್ಪ ಅಲ್ಲಿನ ಬೆಂಚಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೂತಿದ್ದು "ಇಷ್ಟು ಹೊತ್ತು ಒಂದು ಹಾರ್ನ್ ಕೇಳಲಿಲ್ಲ ನೋಡು" ಅಂದರು.

ಒಂದು ವಿಷಯ ಅವರಿಗೆ ಮೊದಲೇ ಹೇಳಿ. ಪೇಟೆಯಲ್ಲಿ ಮುಖ ನೋಡದೆ ಹೋಗುವ ಜನ ಕಾಡಿನ ದಾರಿಯಲ್ಲಿ ಎದುರಾದರೆ ಮೊಯ್ ಅನ್ನುತ್ತಾರೆ, ನಗುತ್ತಾರೆ. ಅಪ್ಪನಿಗೆ ಇದು ಎಷ್ಟು ಇಷ್ಟವಾಯಿತೆಂದರೆ ಆಮೇಲೆ ಎಲ್ಲರಿಗೂ ತಾವೇ ಮೊದಲು ಅಂದರು.

## ಇನ್ನೂ ಒಳಗೆ

ಕಾಡಿನ ಮಧ್ಯೆ ಬೀಗ ಇಲ್ಲದ ಮನೆ ಇರುತ್ತಂತೆ, ಯಾರು ಬೇಕಾದ್ರೂ ಮಲಗಬಹುದಂತೆ?

ಹೌದು. ಔತಿಯೊತುಪ ಅನ್ನುತ್ತಾರೆ. ಹೆಚ್ಚಿನವನ್ನು ನೋಡಿಕೊಳ್ಳುವುದು ಮೆತ್ಸಾಹಲ್ಲಿತುಸ್ ಅನ್ನುವ ಸರ್ಕಾರಿ ಸಂಸ್ಥೆ. ಬುಕಿಂಗ್ ಇಲ್ಲ, ಬಾಡಿಗೆ ಇಲ್ಲ, ಕಾವಲುಗಾರ ಇಲ್ಲ. ಒಂದು ಕೋಣೆ, ಮಲಗಲು ಅಗಲವಾದ ಹಲಗೆ, ಕಬ್ಬಿಣದ ಒಲೆ, ಕೊಡಲಿ, ಗರಗಸ, ಮೇಜಿನ ಮೇಲೆ ಒಂದು ಪುಸ್ತಕ. ನೀರು ಹೊಳೆಯಿಂದ. ಒಂದು ರಾತ್ರಿ, ಹೆಚ್ಚೆಂದರೆ ಎರಡು.

ಇದರ ನಿಯಮ ಕೇಳಿದರೆ ನೀವು ನಂಬಲಿಕ್ಕಿಲ್ಲ: ಕೊನೆಗೆ ಬಂದವರಿಗೆ ಮೊದಲ ಹಕ್ಕು. ಜಾಗ ಸಾಲದಿದ್ದರೆ ಮೊದಲು ಬಂದು ಮೈ ಒಣಗಿಸಿಕೊಂಡವರು ಎದ್ದು ಮುಂದೆ ಹೋಗಬೇಕು, ಇಲ್ಲವೇ ಹೊರಗೆ ಟೆಂಟ್ ಹಾಕಬೇಕು. ತಡವಾಗಿ ಬಂದವರು ಹೆಚ್ಚು ದಣಿದಿರುತ್ತಾರೆ, ಹೆಚ್ಚು ನೆನೆದಿರುತ್ತಾರೆ, ಅದಕ್ಕೆ.

ಒಂದು ಮಾರ್ಚಿನಲ್ಲಿ ನಾನು, ಗೆಳತಿ ಉರ್ಹೊ ಕೆಕ್ಕೊನೆನ್ ರಾಷ್ಟ್ರೀಯ ಉದ್ಯಾನದಲ್ಲಿ ಸ್ಕೀ ಮಾಡುತ್ತಾ ದಾರಿ ತಪ್ಪಿಸಿಕೊಂಡು ರಾತ್ರಿ 8 ಗಂಟೆಗೆ ಒಂದು ಗುಡಿಸಲು ಮುಟ್ಟಿದೆವು. ಮೈನಸ್ 22. ಒಳಗೆ ಆಗಲೇ ಏಳು ಜನ, ಹಲಗೆ ಭರ್ತಿ. ಬಾಗಿಲು ತೆರೆದಾಗ ಯಾರೂ ಸ್ವಾಗತ ಹೇಳಲಿಲ್ಲ, ಎಲ್ಲಿಂದ ಬಂದಿರಿ ಅಂತ ಕೇಳಲಿಲ್ಲ. ಒಬ್ಬರು ಎದ್ದು ತಮ್ಮ ಹಾಸಿಗೆ ಚೀಲ ಸುತ್ತಿ ಮೇಜಿನ ಕೆಳಗೆ ನೆಲಕ್ಕೆ ಹಾಕಿದರು. ಇನ್ನಿಬ್ಬರು ಗೋಡೆಗೆ ಸರಿದರು. ಒಬ್ಬ ಹೆಂಗಸು ನನ್ನ ಕೈಯಿಂದ ಒದ್ದೆ ಗ್ಲೌಸು ತೆಗೆದುಕೊಂಡು ಒಲೆ ಮೇಲಿನ ಹಗ್ಗಕ್ಕೆ ನೇತುಹಾಕಿದರು. ಕುಕ್ಸ ಅನ್ನುವ ಮರದ ಬಟ್ಟಲಿನಲ್ಲಿ ಬಿಸಿ ಜ್ಯೂಸ್ ಬಂತು. ಅದರ ಹಿಡಿಕೆಯಲ್ಲಿ ಎರಡು ತೂತು, ಬೆರಳು ಮರಗಟ್ಟಿದ್ದರೂ ಹಿಡಿಯಬಹುದು. ನಾನು ಡಬ್ಬಿಯಿಂದ ಗೊಜ್ಜವಲಕ್ಕಿ ತೆಗೆದು ಬಿಸಿನೀರು ಹಾಕಿದೆ. ಹುಣಸೆ, ಬೆಲ್ಲ, ಸಾರಿನಪುಡಿಯ ವಾಸನೆ ಕೋಣೆ ತುಂಬಿತು. ಆಗ ಮೊದಲ ಪ್ರಶ್ನೆ ಬಂತು: "ಅದೇನು?" ಒಂಬತ್ತು ಜನ ಹಂಚಿಕೊಂಡೆವು. ಚಾರಣಕ್ಕೆ ಇದಕ್ಕಿಂತ ಹಗುರವಾದ ಊಟ ನನಗೆ ಗೊತ್ತಿಲ್ಲ.

ಬೆಳಗ್ಗೆ ಹೊರಡುವ ಮುಂಚೆ ಮಾಡಬೇಕಾದ್ದು: ನೆಲ ಗುಡಿಸಿ, ಬೂದಿ ತೆಗೆದು, ಗ್ಯಾಸ್ ಇದ್ದರೆ ಬಂದ್ ಮಾಡಿ, ಸೌದೆ ಸೀಳಿ ಒಳಗೆ ಒಲೆ ಪಕ್ಕ ಇಡಬೇಕು. ಜೊತೆಗೆ ಬರ್ಚ್ ಮರದ ತೊಗಟೆಯ ಚೂರು, ಬೆಂಕಿ ಹಿಡಿಸಲು. ಮುಂದೆ ಬರುವವರು ಯಾರೋ ಗೊತ್ತಿಲ್ಲ, ಅವರ ಕೈ ನಡುಗುತ್ತಿರಬಹುದು. ಮೇಜಿನ ಪುಸ್ತಕದಲ್ಲಿ ಹೆಸರು, ತಾರೀಕು, ಎಲ್ಲಿಗೆ ಹೊರಟಿರಿ ಅಂತ ಬರೆಯಿರಿ. ನೀವು ಕಾಣೆಯಾದರೆ ಹುಡುಕುವವರು ಮೊದಲು ನೋಡುವುದು ಅದನ್ನೇ.

ಅಲ್ಲಿರೋದು ನಿಜವಾದ ಕಾಡಾ, ನೆಟ್ಟ ಕಾಡಾ?

ದೇಶದ ನೆಲದ ಸುಮಾರು ಮುಕ್ಕಾಲು ಭಾಗ ಕಾಡು. ಆದರೆ ದಕ್ಷಿಣದಲ್ಲಿ ಅದರಲ್ಲಿ ಹೆಚ್ಚಿನದು ಮರಕ್ಕಾಗಿ ಬೆಳೆಸಿದ್ದು. ಒಂದೇ ವಯಸ್ಸಿನ ಪೈನ್, ಸ್ಪ್ರೂಸ್ ಮರಗಳು, ಒಂದು ದಿನ ಯಂತ್ರ ಬಂದು ಇಡೀ ಗುಡ್ಡ ಬೋಳು. ಮಲೆನಾಡಿನ ಅಕೇಶಿಯಾ ನೆಡುತೋಪು ನೋಡಿ ಬೆಳೆದವರಿಗೆ ಇದರ ಸಂಕಟ ತಿಳಿಯುತ್ತದೆ. ನಿಜವಾದ ಹಳೇ ಕಾಡು ಉಳಿದಿರುವುದು ಹೆಚ್ಚಾಗಿ ಉತ್ತರ ಮತ್ತು ಪೂರ್ವದ ಗಡಿಯಲ್ಲಿ. 1991ರ ಕಾನೂನಿನಿಂದ ಲ್ಯಾಪ್‌ಲ್ಯಾಂಡಿನಲ್ಲಿ 12 ಪ್ರದೇಶಗಳನ್ನು ನಿರ್ಜನ ಪ್ರದೇಶ ಅಂತ ಕಾದಿಟ್ಟಿದ್ದಾರೆ. ಹಳೇ ಕಾಡನ್ನು ಗುರುತಿಸುವುದು ಸುಲಭ: ಬಿದ್ದ ಮರ ಅಲ್ಲೇ ಕೊಳೆಯುತ್ತಿರುತ್ತದೆ, ಕೊಂಬೆಗಳಿಂದ ಗಡ್ಡದ ಹಾಗೆ ಕಲ್ಲುಹೂವು ಇಳಿಬಿದ್ದಿರುತ್ತದೆ. ಕಾಡು ಅಂತ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಂತ ಖುಷಿಪಡುವುದು ನನ್ನಿಂದ ಆಗುವುದಿಲ್ಲ.

ಖಾಲಿ ಜಾಗ ಖಾಲಿ ಜಾಗ ಅಂತೀರಿ. ಅಲ್ಲಿ ಮೊದಲಿಂದ ಇದ್ದೋರು ಯಾರೂ ಇಲ್ವಾ?

ಇದ್ದಾರೆ, ಮತ್ತು ಈ ಪ್ರಶ್ನೆಯನ್ನು ಎಲ್ಲರೂ ಕೇಳಬೇಕಿತ್ತು. ಅವರು ಸಾಮಿ ಜನ. ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್ ಮತ್ತು ರಷ್ಯಾದ ಉತ್ತರ ತುದಿ ಅವರ ನೆಲ, ಸಾಪ್ಮಿ. ಪ್ರವಾಸಿಗರ ಕಣ್ಣಿಗೆ ಬರೀ ಬಯಲು. ಅವರಿಗೆ ಅದು ಹಿಮಸಾರಂಗ ಮೇಯುವ ಜಾಗ, ಮರಿ ಹಾಕುವ ಜಾಗ, ಮೀನು ಹಿಡಿಯುವ ಕೆರೆ, ಪೂಜೆ ಮಾಡಿದ ಕಲ್ಲು. ಪ್ರತಿ ಗುಡ್ಡ, ಹೊಳೆಗೂ ಅವರ ಭಾಷೆಯಲ್ಲಿ ಹೆಸರಿದೆ.

"ಖಾಲಿ" ಅನ್ನುವ ಮಾತಿನಿಂದಲೇ ಅವರಿಗೆ ಅನ್ಯಾಯ ಆಗಿದೆ. 1980ರ ಸುಮಾರಿಗೆ ನಾರ್ವೆಯ ಆಲ್ತಾ ನದಿಗೆ ಅಣೆಕಟ್ಟು ಬೇಡ ಅಂತ ಸಾಮಿಗಳು ಓಸ್ಲೊದ ಸಂಸತ್ತಿನ ಎದುರು ಉಪವಾಸ ಕೂತರು. ಅಣೆಕಟ್ಟು ನಿಲ್ಲಲಿಲ್ಲ, ಆದರೆ ಆ ಹೋರಾಟದ ನಂತರ 1989ರಲ್ಲಿ ಅಲ್ಲಿ ಸಾಮಿ ಸಂಸತ್ತು ಶುರುವಾಯಿತು. ನಾರ್ವೆಯದೇ ಫೋಸೆನ್ ಅನ್ನುವ ಕಡೆ ಹಿಮಸಾರಂಗದ ಮೇವಿನ ನೆಲದ ಮೇಲೆ 151 ಗಾಳಿಯಂತ್ರ ನಿಲ್ಲಿಸಿದರು. ಅದಕ್ಕೆ ಕೊಟ್ಟ ಪರವಾನಗಿ ಸಾಮಿಗಳ ಹಕ್ಕಿಗೆ ವಿರುದ್ಧ ಅಂತ 2021ರ ಅಕ್ಟೋಬರಿನಲ್ಲಿ ನಾರ್ವೆಯ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ತೀರ್ಪು ಬಂದಾಗ ಯಂತ್ರಗಳು ಆಗಲೇ ತಿರುಗುತ್ತಿದ್ದವು.

ನೀವು ಹೋದಾಗ ಹಿಮಸಾರಂಗ ಕಂಡರೆ ನಿಂತುಬಿಡಿ, ಅದು ದಾಟಲಿ. ಅದು ಕಾಡುಪ್ರಾಣಿ ಅಲ್ಲ, ಪ್ರತಿಯೊಂದರ ಕಿವಿಯಲ್ಲೂ ಮಾಲೀಕರ ಗುರುತಿನ ಕಚ್ಚು ಇರುತ್ತದೆ. ನಿಮಗೆ ಎಷ್ಟು ಹಿಮಸಾರಂಗ ಇದೆ ಅಂತ ಮಾತ್ರ ಅವರನ್ನು ಕೇಳಬೇಡಿ. ಬ್ಯಾಂಕಿನಲ್ಲಿ ಎಷ್ಟು ದುಡ್ಡು ಇಟ್ಟಿದ್ದೀರಿ ಅಂತ ಕೇಳಿದ ಹಾಗೆ.

ನಮ್ಮ ಕರ್ನಾಟಕದಲ್ಲೂ ಇಂಥ ಹಕ್ಕು ಕೊಟ್ರೆ?

ಹಾಗೇ ಎತ್ತಿ ತಂದು ನೆಟ್ಟರೆ ಬದುಕುವುದಿಲ್ಲ ಅಂತ ನನ್ನ ಅಭಿಪ್ರಾಯ. 2024ರ ಜನವರಿಯಲ್ಲಿ ಒಂದೇ ವಾರಾಂತ್ಯ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿದ್ದು ನೆನಪಿದೆಯಲ್ಲ? ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ತಂದಿತು. ಅಷ್ಟು ಜನ, ಅಷ್ಟು ಸೂಕ್ಷ್ಮ ಕಾಡು, ಅದರಲ್ಲಿ ಆನೆ, ಹುಲಿ. ಮಿತಿ ಬೇಕೇ ಬೇಕು.

ಆದರೆ ಈ ವಿಚಾರ ನಮಗೆ ಹೊಸದೇನಲ್ಲ. ಕೊಡಗಿನ ದೇವರಕಾಡಿನಲ್ಲಿ ಕತ್ತಿ ಆಡಿಸುವುದಿಲ್ಲ. ನಮ್ಮ ಕಡೆ ಸೊಪ್ಪಿನಬೆಟ್ಟದಿಂದ ತೋಟಕ್ಕೆ ಸೊಪ್ಪು ತರುವವರು ಮರ ಬೋಳಾಗದ ಹಾಗೆ ಕಡಿಯುತ್ತಿದ್ದರು. ಮುರುಗಲ ಹಣ್ಣು, ಉಪ್ಪಾಗೆ ಹೆಕ್ಕುವಾಗ ಅಜ್ಜಿ "ಹಕ್ಕಿಗೆ ಸ್ವಲ್ಪ ಬಿಡ್ರೋ" ಅನ್ನುತ್ತಿದ್ದಳು. ಆ ಮಾತನ್ನು ನಾನು ಇಲ್ಲಿ ಮುಸ್ತಿಕ್ಕ ಕೀಳುವಾಗ ಮಗಳಿಗೆ ಹೇಳುತ್ತೇನೆ.

ಒಂಟಿತನ ಆಗಲ್ವಾ? ನಿಜ ಹೇಳಿ.

ಆಗುತ್ತದೆ. ನವೆಂಬರ್ ಕಷ್ಟ. ಹಿಮ ಇನ್ನೂ ಬಿದ್ದಿರುವುದಿಲ್ಲ, ಎಲೆ ಉದುರಿರುತ್ತದೆ. ಡಿಸೆಂಬರಿಗೆ ಟಾಂಪೆರೆಯಲ್ಲಿ ಮಧ್ಯಾಹ್ನ 3ಕ್ಕೆ ಸೂರ್ಯ ಮುಳುಗುತ್ತಾನೆ. ಮೊದಲ ವರ್ಷ ಫೋನ್ ಇಟ್ಟ ಮೇಲೆ ಅತ್ತದ್ದೂ ಇದೆ. ವಾರಕ್ಕೊಮ್ಮೆಯಾದರೂ ಕನ್ನಡದಲ್ಲಿ ಬಾಯಿ ತುಂಬಾ ಮಾತಾಡಿ. ಹಗಲು ಇರುವಾಗಲೇ ಒಂದು ಸುತ್ತು ಹೊರಗೆ ಹೋಗಿ ಬನ್ನಿ, ಚಳಿ ಅಂತ ತಪ್ಪಿಸಬೇಡಿ. ಯಾವುದಾದರೂ ಗುಂಪು ಸೇರಿ, ಹಾಡಿನದ್ದೋ ಹೆಣಿಗೆಯದ್ದೋ. ತೀರಾ ತಡೆಯಲಾಗದಿದ್ದರೆ ಡಾಕ್ಟರ ಹತ್ತಿರ ಹೇಳಿ, ಇಲ್ಲಿ ಅದಕ್ಕೆ ಯಾರೂ ನಾಚಿಕೊಳ್ಳುವುದಿಲ್ಲ.

ಎದುರು ಮನೆಯ ಅಜ್ಜಿ ಬಗ್ಗೆ ಹೇಳಿದೆನಲ್ಲ. ಕಳೆದ ಸೆಪ್ಟೆಂಬರಿನಲ್ಲಿ ನನಗೆ ವಾರಪೂರ್ತಿ ಜ್ವರ. ಬಾಗಿಲು ತೆರೆದಾಗ ಹಿಡಿಕೆಗೆ ಒಂದು ಚಿಕ್ಕ ಬಕೆಟ್ ನೇತಾಡುತ್ತಿತ್ತು, ತುಂಬಾ ಪುವೊಲುಕ್ಕ ಹಣ್ಣು. ಎಲೆ, ಕಡ್ಡಿ ಎಲ್ಲ ಆರಿಸಿ ತೆಗೆದಿದ್ದರು. ಬೆಲ್ ಒತ್ತಿರಲಿಲ್ಲ, ಚೀಟಿ ಇರಲಿಲ್ಲ. ಪಾತ್ರೆ ಖಾಲಿ ಕೊಡಬಾರದಲ್ಲ? ಹುಷಾರಾದ ಮೇಲೆ ಚಕ್ಕುಲಿ ಕರಿದು, ಬಕೆಟ್ಟಿಗೆ ತುಂಬಿ, ಅವರ ಬಾಗಿಲ ಹಿಡಿಕೆಗೆ ನೇತುಹಾಕಿ ಬಂದೆ. ನಾನೂ ಬೆಲ್ ಒತ್ತಲಿಲ್ಲ.